ಬೇಕು–ಬೇಡಗಳ ನಡುವೆ ಶೇಕಡಾ 97

ಮಿದುಳಿನ ಸಂಕೇತಗಳನ್ನು ಓದಿ ಅಕ್ಷರವನ್ನೋ ಮಾತನ್ನೋ ಹೊರಡಿಸುವ ಯಂತ್ರಗಳ ಸುದ್ದಿ ಈಗ ಆಗಾಗ ನಮ್ಮ ಫೋನಿಗೆ ಬಂದು ಬೀಳುತ್ತಿರುತ್ತದೆ. ಸುದ್ದಿಯ ನೆತ್ತಿಯ ಮೇಲೆ ಒಂದು ಅಂಕಿ. ಶೇಕಡಾ 97 ನಿಖರತೆ, ನಿಮಿಷಕ್ಕೆ 62 ಪದ, ಸೆಕೆಂಡಿಗೆ 8 ಬಿಟ್. ನಾವು ಅದನ್ನು ಆಫೀಸಿನ ಗ್ರೂಪಿಗೆ ಕಳಿಸುತ್ತೇವೆ, ನಾಲ್ಕು ಜನ ಚಪ್ಪಾಳೆಯ ಗುರುತು ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು. ಯಾವುದರಲ್ಲಿ ಶೇಕಡಾ 97 ಎಂದು ಕೇಳುವವರಿಲ್ಲ. ತೂಗಿದವರು ಯಾರು, ತಕ್ಕಡಿ ಯಾರದು ಎಂದೂ ಯಾರೂ ಕೇಳುವುದಿಲ್ಲ.

ನಾನು ಹೈದರಾಬಾದಿನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಕೆಲಸ ಮಾಡುವವಳು. ಅಂಕಿಗಳೇ ನನ್ನ ಅನ್ನ. ಅವುಗಳ ಮೇಲೆ ನನಗೆ ದ್ವೇಷವಿಲ್ಲ. ನನ್ನ ತಕರಾರು ಇಷ್ಟು: ಬ್ರೇನ್-ಕಂಪ್ಯೂಟರ್ ಇಂಟರ್‌ಫೇಸ್, ಅಂದರೆ ಬಿಸಿಐ, ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅಳೆಯುವ ಕೋಲು ಇವತ್ತಿಗೂ ಹೆಚ್ಚಾಗಿ ಯಂತ್ರ ಮಾಡಿದವನ ಕೈಯಲ್ಲಿದೆ, ಹಾಸಿಗೆಯ ಮೇಲೆ ಮಲಗಿರುವವನ ಕೈಯಲ್ಲಿಲ್ಲ. ಎಂಜಿನಿಯರುಗಳು ಸುಧಾರಿಸುವುದು ತಾವು ಅಳೆದದ್ದನ್ನು ಮಾತ್ರ. ಹಾಗಾಗಿ ತಪ್ಪು ಅಳತೆ ಬರೀ ತಪ್ಪು ವರದಿಯಾಗಿ ಉಳಿಯುವುದಿಲ್ಲ, ಮುಂದಿನ ಹತ್ತು ವರ್ಷದ ಸಂಶೋಧನೆಯ ದಿಕ್ಕನ್ನೇ ತಪ್ಪಿಸುತ್ತದೆ.

ಆಗಿರುವ ಸಾಧನೆಯನ್ನು ಮೊದಲು ಒಪ್ಪಿಕೊಂಡುಬಿಡೋಣ, ಅದು ಸಣ್ಣದಲ್ಲ. 1988ರಲ್ಲಿ ಫಾರ್ವೆಲ್ ಮತ್ತು ಡಾಂಚಿನ್ ಎಂಬ ಇಬ್ಬರು ಸಂಶೋಧಕರು ಆರು ಸಾಲು, ಆರು ಕಂಬಗಳ ಒಂದು ಅಕ್ಷರಹಲಗೆಯನ್ನು ಪರದೆಯ ಮೇಲೆ ಮಿನುಗಿಸಿ, ತಲೆಯ ಹೊರಗಿನಿಂದ ಹಿಡಿದ ಇಇಜಿ ಸಂಕೇತದಿಂದ ಅಕ್ಷರ ಆರಿಸಿ ತೋರಿಸಿದರು. ನಿಮಿಷಕ್ಕೆ 2.3 ಅಕ್ಷರ. 2017ರಲ್ಲಿ, ಮಿದುಳಿನೊಳಗೆ ಎಲೆಕ್ಟ್ರೋಡ್ ಇಟ್ಟ ಬ್ರೇನ್‌ಗೇಟ್ ಪ್ರಯೋಗದಲ್ಲಿ, ಒಬ್ಬರು ನಿಮಿಷಕ್ಕೆ 39 ಅಕ್ಷರ ಮುಟ್ಟಿದರು. 2021ರಲ್ಲಿ ಕೈಬರಹವನ್ನು ಕಲ್ಪಿಸಿಕೊಂಡೇ ನಿಮಿಷಕ್ಕೆ 90 ಅಕ್ಷರ. 2023ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಆಡಲು ಪ್ರಯತ್ನಿಸಿದ ಮಾತನ್ನೇ ಓದಿ ನಿಮಿಷಕ್ಕೆ 62 ಪದ ತೆಗೆಯಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ತಂಡ ಎಎಲ್‌ಎಸ್ ರೋಗಿಯೊಬ್ಬರ ಮಾತನ್ನು 1,25,000 ಪದಗಳ ಶಬ್ದಕೋಶದಲ್ಲಿ ಶೇಕಡಾ 97.5 ನಿಖರತೆಯಿಂದ ಓದಿತು. ಎರಡು ಅಕ್ಷರದಿಂದ ಇಲ್ಲಿಗೆ ಬಂದದ್ದು ನಿಜವಾದ ದುಡಿಮೆ. ಅದಕ್ಕೆ ತಲೆಬುರುಡೆ ಕೊರೆಸಿಕೊಂಡು ವರ್ಷಗಟ್ಟಲೆ ಕುಳಿತವರ ದುಡಿಮೆಯೂ ಸೇರಿದೆ.

ಈಗ ತಕ್ಕಡಿಗೆ ಬರೋಣ. ಈ ಕ್ಷೇತ್ರದಲ್ಲಿ ಬಹುಕಾಲ ಆಳಿದ ಅಳತೆಯ ಹೆಸರು ಮಾಹಿತಿ ವರ್ಗಾವಣೆ ದರ. ಜೊನಾಥನ್ ವೋಲ್ಪಾ ಮತ್ತವರ ಸಂಗಡಿಗರು ಚಾಲ್ತಿಗೆ ತಂದ ಸೂತ್ರ ಅದು. ಹಲಗೆಯ ಮೇಲೆ ಎಷ್ಟು ಆಯ್ಕೆಗಳಿವೆ, ಅವುಗಳಲ್ಲಿ ಎಷ್ಟು ಪಾಲು ಸರಿಯಾಗುತ್ತವೆ ಎಂದು ಹೇಳಿದರೆ, ಒಂದು ಆಯ್ಕೆಗೆ ಎಷ್ಟು ಬಿಟ್ ಮಾಹಿತಿ ದಾಟಿತು ಎಂದು ಅದು ಲೆಕ್ಕ ಕೊಡುತ್ತದೆ. ಎಲ್ಲ ಅಕ್ಷರಗಳೂ ಒಂದೇ ಪ್ರಮಾಣದಲ್ಲಿ ಬೇಕಾಗುತ್ತವೆ, ತಪ್ಪುಗಳೂ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತವೆ ಎಂಬುದು ಅದರ ನಂಬಿಕೆ. ಯಾವ ಭಾಷೆಯಲ್ಲೂ ಹೀಗಿಲ್ಲ ಎಂಬುದು ಬೇರೆ ಮಾತು.

ಎರಡು ಯಂತ್ರಗಳನ್ನು ಆ ಸೂತ್ರಕ್ಕೆ ಕೊಡಿ. ಒಂದು, ಹೌದು–ಅಲ್ಲ ಎಂಬ ಎರಡೇ ಆಯ್ಕೆಯ ಯಂತ್ರ, ಹತ್ತಕ್ಕೆ ಒಂಬತ್ತು ಸಲ ಸರಿ. ಇನ್ನೊಂದು, 36 ಅಕ್ಷರಗಳ ಹಲಗೆ, ಎರಡಕ್ಕೆ ಒಂದು ಸಲ ಸರಿ. ಮೊದಲನೆಯದಕ್ಕೆ ಸೂತ್ರ ಒಂದು ಆಯ್ಕೆಗೆ 0.53 ಬಿಟ್ ಕೊಡುತ್ತದೆ, ಎರಡನೆಯದಕ್ಕೆ 1.6 ಬಿಟ್. ಮೂರು ಪಟ್ಟು ಉತ್ತಮ! ಈಗ ಆ ಎರಡನೆಯ ಯಂತ್ರದಲ್ಲಿ "ನೀರು" ಎಂದು ಬರೆಯಲು ಕೂರಿ. ಎರಡು ಆಯ್ಕೆಗೆ ಒಂದು ತಪ್ಪು. ತಪ್ಪಿದ್ದನ್ನು ಅಳಿಸಬೇಕು. ಅಳಿಸುವ ಗುಂಡಿಯೂ ಅದೇ ಹಲಗೆಯ ಮೇಲಿದೆ, ಅದನ್ನು ಆರಿಸುವಾಗಲೂ ಅರ್ಧ ಸಲ ತಪ್ಪು. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಸರಾಸರಿಯಲ್ಲಿ ನೀವು ಒಂದಕ್ಷರವೂ ಮುಂದೆ ಹೋಗುವುದಿಲ್ಲ. ಹೌದು–ಅಲ್ಲ ಎನ್ನುವ ಯಂತ್ರದ ಮುಂದೆ ಕೂತವನಿಗೆ ಅಷ್ಟರಲ್ಲಿ ನೀರು ಸಿಕ್ಕಿರುತ್ತದೆ. ಅಂಕಿ ಗೆದ್ದ ಯಂತ್ರದ ಮುಂದೆ ಕೂತವನ ಗಂಟಲು ಇನ್ನೂ ಒಣಗಿಯೇ ಇರುತ್ತದೆ.

ಇದು ಯಾರಿಗೂ ತಿಳಿಯದ ಗುಟ್ಟೇನಲ್ಲ. 2010ರಲ್ಲಿ ಇಟಲಿಯ ಮಿಲಾನಿನ ಸಂಶೋಧಕರು ಅಳಿಸಿ ತಿದ್ದುವ ಖರ್ಚನ್ನೂ ಸೇರಿಸುವ ಬೇರೆ ಅಳತೆಯನ್ನು ಮುಂದಿಟ್ಟರು. ಅದರ ಪ್ರಕಾರ ಅರ್ಧ ತಪ್ಪುವ ಹಲಗೆಯ ಬೆಲೆ ಸೊನ್ನೆ. ಬ್ರೇನ್‌ಗೇಟ್ ತಂಡವೂ ಸರಿಯಾದ ಆಯ್ಕೆಯಿಂದ ತಪ್ಪಿದ್ದನ್ನು ಕಳೆದು ಲೆಕ್ಕ ಹಾಕುವ ಪ್ರಾಮಾಣಿಕತೆ ತೋರಿಸಿತು. ಅಂದರೆ ಸರಿಯಾದ ಕೋಲು ಇದೆ. ಆದರೂ ಹಳೆಯ ಕೋಲು ಇನ್ನೂ ಕೈಯಿಂದ ಕೈಗೆ ದಾಟುತ್ತಿದೆ. ಯಾಕೆಂದರೆ ಅದರಲ್ಲಿ ಅಳೆದರೆ ಬಟ್ಟೆ ಹೆಚ್ಚು ಬರುತ್ತದೆ.

ಈಗ ನಮ್ಮ ಅಂಗಳಕ್ಕೇ ಬರುತ್ತೇನೆ. ಇದನ್ನು ಓದುತ್ತಿರುವ ಎಂ.ಟೆಕ್ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಬಿಸಿಐ ಪ್ರಾಜೆಕ್ಟ್ ಮಾಡಿರುತ್ತೀರಿ. ಹಾಗಿದ್ದರೆ ಬಿಸಿಐ ಕಾಂಪಿಟಿಷನ್ 4ರ 2ಎ ಎಂಬ ದತ್ತಾಂಶ ನಿಮಗೆ ಗೊತ್ತು. ಒಂಬತ್ತು ಜನ, 22 ಇಇಜಿ ತಂತಿ, ಎಡಗೈ, ಬಲಗೈ, ಪಾದ, ನಾಲಿಗೆ ಎಂಬ ನಾಲ್ಕು ಕಲ್ಪಿತ ಚಲನೆ. 2008ರಿಂದ ಅದೇ ಒಂಬತ್ತು ತಲೆಗಳನ್ನು ಜಗತ್ತಿನ ವಿದ್ಯಾರ್ಥಿಗಳೆಲ್ಲ ಉಳುತ್ತಿದ್ದಾರೆ. ಅದರಲ್ಲಿ ಎರಡು ಬೇರೆ ಬೇರೆ ದಿನಗಳ ದಾಖಲೆ ಇದೆ. ಮೊದಲ ದಿನದಲ್ಲಿ ಕಲಿತು ಎರಡನೆಯ ದಿನದಲ್ಲಿ ಪರೀಕ್ಷೆ ಬರೆಯಲಿ ಎಂದೇ ಹಾಗೆ ಕೊಟ್ಟದ್ದು. ಆದರೆ ಎಷ್ಟೋ ಪ್ರಾಜೆಕ್ಟುಗಳಲ್ಲಿ ನಾನು ಕಂಡದ್ದು ಬೇರೆ. ಒಂದೇ ಪ್ರಯತ್ನದ ಸಂಕೇತವನ್ನು ಒಂದರ ಮೇಲೊಂದು ಹಾಯುವ ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸುತ್ತಾರೆ. ಇಸ್ಪೀಟಿನ ಎಲೆಯಂತೆ ಎಲ್ಲವನ್ನೂ ಕಲಸುತ್ತಾರೆ. ಕೆಲವನ್ನು ತರಬೇತಿಗೆ, ಕೆಲವನ್ನು ಪರೀಕ್ಷೆಗೆ ಎಂದು ಹಂಚುತ್ತಾರೆ. ಪರೀಕ್ಷೆಯ ತುಂಡಿನ ಅರ್ಧ ಭಾಗ ತರಬೇತಿಯಲ್ಲೇ ಬಂದುಹೋಗಿರುತ್ತದೆ. ಶೇಕಡಾ 98 ಬಂತು ಎಂದು ಪ್ರಬಂಧ ಅಚ್ಚಾಗುತ್ತದೆ. ಹಿಂದಿನ ರಾತ್ರಿ ಪ್ರಶ್ನೆಪತ್ರಿಕೆ ಸಿಕ್ಕವನ ಅಂಕಪಟ್ಟಿಗೂ ಇದಕ್ಕೂ ಏನು ವ್ಯತ್ಯಾಸ?

ವಿದ್ಯಾರ್ಥಿಗಳನ್ನು ಮಾತ್ರ ದೂರುವುದೂ ನ್ಯಾಯವಲ್ಲ. 2017ರಲ್ಲಿ ಒಂದು ದೊಡ್ಡ ಸಮ್ಮೇಳನದಲ್ಲಿ, ಮನುಷ್ಯ ನೋಡುತ್ತಿರುವ ಚಿತ್ರ 40 ಬಗೆಗಳಲ್ಲಿ ಯಾವುದೆಂದು ಇಇಜಿಯಿಂದ ಶೇಕಡಾ 80ಕ್ಕೂ ಹೆಚ್ಚು ನಿಖರವಾಗಿ ಹೇಳಬಹುದೆಂಬ ಪ್ರಬಂಧ ಬಂತು. ಆಮೇಲೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಅದನ್ನು ಬಿಚ್ಚಿ ನೋಡಿದರು. ಆ ಪ್ರಯೋಗದಲ್ಲಿ ಒಂದು ಬಗೆಯ ಚಿತ್ರಗಳನ್ನೆಲ್ಲ ಒಟ್ಟಿಗೆ, ಒಂದರ ಹಿಂದೊಂದು ತೋರಿಸಿದ್ದರು. ಯಂತ್ರ ಕಲಿತದ್ದು ನಾಯಿ ಯಾವುದು, ಹೂ ಯಾವುದು ಎಂದಲ್ಲ. ಸಮಯ ಸರಿದಂತೆ ನಿಧಾನವಾಗಿ ಬದಲಾಗುವ ಮಿದುಳಿನ ಸ್ಥಿತಿಯನ್ನು ನೋಡಿ, ಇದು ಯಾವ ಹೊತ್ತು ಎಂದು. ಚಿತ್ರಗಳನ್ನು ಕಲಸಿ ತೋರಿಸಿದಾಗ ನಿಖರತೆ ಕಣ್ಣುಮುಚ್ಚಿ ಊಹಿಸುವ ಮಟ್ಟಕ್ಕೆ ಇಳಿಯಿತು. ಬಸ್ಸಿನಲ್ಲಿ ಕೂತವರ ಹೆಸರನ್ನು ಸೀಟ್ ನಂಬರ್ ನೋಡಿ ಹೇಳಿ, ಮುಖ ಗುರುತು ಹಿಡಿದೆ ಎಂದಂತೆ ಇದು.

ಇದಕ್ಕಿಂತ ನನ್ನನ್ನು ಕೆರಳಿಸುವುದು ಒಂದು ಪದ. ಇಇಜಿ ಯಂತ್ರಗಳನ್ನು ಸಾಕಷ್ಟು ಮಂದಿಗೆ ಹಾಕಿ ನೋಡಿದರೆ ಶೇಕಡಾ 15ರಿಂದ 30ರಷ್ಟು ಜನರಿಗೆ ಅವು ಒಲಿಯುವುದಿಲ್ಲ. ಈ ಸ್ಥಿತಿಗೆ ಸಂಶೋಧಕರು ಇಟ್ಟ ಹೆಸರು "ಬಿಸಿಐ ನಿರಕ್ಷರತೆ." ಯಂತ್ರಕ್ಕೆ ಓದಲು ಬರಲಿಲ್ಲ, ಅನಕ್ಷರಸ್ಥ ಎಂಬ ಹಣೆಪಟ್ಟಿ ಮಾತ್ರ ರೋಗಿಗೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. 2019ರಲ್ಲಿ ಮಾರ್ಗರೆಟ್ ಥಾಂಪ್ಸನ್ ಎಂಬ ಸಂಶೋಧಕಿ ಈ ಪದವನ್ನೇ ಪ್ರಶ್ನಿಸಿ ಬರೆದರು. ಪದದ ಕೆಡುಕು ಅವಮಾನಕ್ಕೆ ನಿಲ್ಲುವುದಿಲ್ಲ. ಒಲಿಯದವರನ್ನು ಮೊದಲೇ ಬದಿಗಿಟ್ಟು ಉಳಿದವರ ಸರಾಸರಿ ತೆಗೆದರೆ ನಿಖರತೆ ತಾನಾಗಿಯೇ ಏರುತ್ತದೆ. ಫೇಲಾಗುವ ಮಕ್ಕಳಿಗೆ ಹಾಲ್ ಟಿಕೆಟ್ ಕೊಡದೆ ನೂರಕ್ಕೆ ನೂರು ಫಲಿತಾಂಶ ತೋರಿಸುವ ಶಾಲೆಗಳನ್ನು ನಾವು ನೋಡಿಲ್ಲವೇ?

ಇನ್ನು ಕಾಲದ ಲೆಕ್ಕ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ನೋಲಂಡ್ ಆರ್ಬಾ ಎಂಬುವವರಿಗೆ 64 ಎಳೆಗಳ ಮೇಲೆ 1024 ಎಲೆಕ್ಟ್ರೋಡ್‌ಗಳಿರುವ ಸಾಧನವನ್ನು ಅಳವಡಿಸಿತು. ಮುಂದಿನ ಕೆಲವು ವಾರಗಳಲ್ಲಿ ಹಲವು ಎಳೆಗಳು ಮಿದುಳಿನಿಂದ ಹಿಂದೆ ಸರಿದವು, ಬಿಟ್ ದರ ಕುಸಿಯಿತು. ಕಂಪನಿ ಸಾಫ್ಟ್‌ವೇರ್ ಬದಲಾಯಿಸಿತು, ದರ ಮೊದಲಿಗಿಂತ ಮೇಲೇರಿ 8 ಬಿಟ್ ಮುಟ್ಟಿತು. ಒಳ್ಳೆಯ ಎಂಜಿನಿಯರಿಂಗ್, ಒಪ್ಪುತ್ತೇನೆ. ಆದರೆ 8 ಎಂಬ ಆ ಅಂಕಿಯೊಳಗೆ ಕಳಚಿದ ಎಳೆಗಳ ಸುದ್ದಿ ಇಲ್ಲ. ಗೋಡೆ ಬಿರುಕು ಬಿಟ್ಟಿದ್ದರೂ ಸುಣ್ಣ ಬಳಿದ ಮನೆ ಹೊಸದಾಗಿಯೇ ಕಾಣುತ್ತದೆ. ಕಣ್ಣಿನ ಅಕ್ಷಿಪಟಲಕ್ಕೆ ಸಾಧನ ಅಳವಡಿಸುತ್ತಿದ್ದ ಸೆಕೆಂಡ್ ಸೈಟ್ ಕಂಪನಿ ಆ ಸಾಧನವನ್ನೇ ಕೈಬಿಟ್ಟಾಗ, ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಜನರ ಕಣ್ಣಲ್ಲಿ ಕೇಳುವವರಿಲ್ಲದ ಯಂತ್ರ ಉಳಿಯಿತು. ಸಾಧನದ ಬಿಡಿಭಾಗ ಸಿಗದ ದಿನ ಅದರ ನಿಖರತೆ ಎಷ್ಟೆಂದು ಯಾವ ಪ್ರಬಂಧವೂ ಬರೆದಿರಲಿಲ್ಲ.

ಭಾಷೆಯ ವಿಚಾರ ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು. ಮೇಲೆ ನಾನು ಹೇಳಿದ ವೇಗದ ದಾಖಲೆಗಳೆಲ್ಲ ಇಂಗ್ಲಿಷಿನವು. ಆರು ಗುಣಿಸು ಆರರ ಹಲಗೆಯಲ್ಲಿ 26 ಅಕ್ಷರ, ಉಳಿದ ಹತ್ತು ಮನೆಗಳಲ್ಲಿ ಅಂಕಿ ಮತ್ತಿತರ ಗುಂಡಿಗಳು ಆರಾಮವಾಗಿ ಕೂರುತ್ತವೆ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲಿ ಕೂರಬೇಕು? "ನಿಮಿಷಕ್ಕೆ 90 ಅಕ್ಷರ" ಎಂಬುದನ್ನು ಕನ್ನಡಕ್ಕೆ ತಂದರೆ ಅಕ್ಷರ ಅಂದರೆ ಏನು? "ಸ್ತ್ರೀ" ನಮಗೆ ಒಂದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತ. ಯಂತ್ರ ಮಾಡಿದವನು ಆರು ಎಂದು ಎಣಿಸಿ ವೇಗ ತೋರಿಸಬಹುದು. ಬರೆದವನಿಗೆ ದಕ್ಕಿದ್ದು ಒಂದೇ.

ಪದದ ಲೆಕ್ಕವೂ ಹೀಗೆಯೇ. "ಐ ಕೆನಾಟ್ ಕಮ್ ಟು ದಿ ಹಾಸ್ಪಿಟಲ್" ಇಂಗ್ಲಿಷಿನಲ್ಲಿ ಆರು ಪದ. "ಆಸ್ಪತ್ರೆಗೆ ಬರಲಾರೆ" ನಮ್ಮಲ್ಲಿ ಎರಡು. ಮಾತನ್ನು ಓದುವ ಯಂತ್ರಗಳನ್ನು ಅಳೆಯುವುದು ಪದ ತಪ್ಪಿನ ಪ್ರಮಾಣದಿಂದ, ನೂರು ಪದಕ್ಕೆ ಎಷ್ಟು ತಪ್ಪಿತು ಎಂದು. ಯಂತ್ರ "ಆಸ್ಪತ್ರೆಗೇ ಬರಲಾರೆ" ಎಂದು ಓದಿದರೆ ಎರಡರಲ್ಲಿ ಒಂದು ತಪ್ಪು. "ಆಸ್ಪತ್ರೆಗೆ ಬರುವೆ" ಎಂದು ಓದಿದರೂ ಎರಡರಲ್ಲಿ ಒಂದು ತಪ್ಪು. ಅಳತೆಗೋಲಿಗೆ ಎರಡೂ ಶೇಕಡಾ 50. ಮೊದಲನೆಯದರಲ್ಲಿ ಒಂದು ದೀರ್ಘ ಹೆಚ್ಚಾಯಿತು. ಎರಡನೆಯದರಲ್ಲಿ ಒಬ್ಬ ಮನುಷ್ಯನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಆಂಬುಲೆನ್ಸಿಗೆ ಹತ್ತಿಸಿಯಾಯಿತು. ಬೇಕು, ಬೇಡ ಎಂಬ ಎರಡು ಪದಗಳು ಮೊದಲಾಗುವುದು ಒಂದೇ "ಬೇ"ಯಿಂದ. ನೂರರಲ್ಲಿ ಮೂರು ತಪ್ಪು ಎಂದರೆ ಆ ಮೂರು ಎಲ್ಲಿ ಬಿದ್ದವು ಎಂಬುದೇ ಎಲ್ಲವೂ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ತಿಪಟೂರಿನ ನಮ್ಮ ಚಿಕ್ಕಪ್ಪನಿಗೆ ನರಗಳ ಕಾಯಿಲೆ ಬಂದು ಕೈಕಾಲು, ಆಮೇಲೆ ಮಾತು ಹೋಯಿತು. ಕಣ್ಣು ಉಳಿದಿತ್ತು. ಚಿಕ್ಕಮ್ಮ ಮಗ್ಗಿ ಪುಸ್ತಕದ ಹಿಂದಿನ ವರ್ಣಮಾಲೆಯನ್ನೇ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿದ್ದರು. ಕ ಸಾಲೋ, ಚ ಸಾಲೋ, ಟ ಸಾಲೋ ಎಂದು ಕೇಳುತ್ತ ಹೋಗುವುದು, ಚಿಕ್ಕಪ್ಪ ಕಣ್ಣು ಮಿಟುಕಿಸಿದಲ್ಲಿ ನಿಲ್ಲುವುದು, ಆಮೇಲೆ ಸಾಲಿನೊಳಗಿನ ಅಕ್ಷರ. ಐದು ಸಾಲು, ಸಾಲಿಗೆ ಐದು ವ್ಯಂಜನ, 1988ರ ಅಮೆರಿಕದ ಹಲಗೆಯ ಯುಕ್ತಿಯೇ! ಗುಣಿತವನ್ನು ಚಿಕ್ಕಮ್ಮ ಊಹಿಸುತ್ತಿದ್ದರು. ಆದರೆ ವಾಕ್ಯ ಮುಗಿದ ಮೇಲೆ ಪೂರ್ತಿ ಓದಿ ಹೇಳಿ, ಸರಿ ಎಂಬ ಮಿಟುಕಿಗೆ ಕಾಯದೆ ಎದ್ದು ಹೋದದ್ದನ್ನು ನಾನು ನೋಡಿಲ್ಲ. ಬಹಳ ನಿಧಾನ ಅಲ್ವಾ ಚಿಕ್ಕಮ್ಮ ಎಂದು ಒಮ್ಮೆ ಕೇಳಿದ್ದಕ್ಕೆ, "ನಿಧಾನ ಆದ್ರೆ ಆಗ್ಲಿ ಕಣಮ್ಮ. ನಾನು ತಪ್ಪು ತಿಳ್ಕೊಂಡಾಗ ತಪ್ಪು ಅಂತ ಹೇಳೋಕೆ ಅವರಿಗೆ ಆಗ್ಬೇಕು, ಅಷ್ಟೇ" ಅಂದರು. ಬಿಸಿಐ ಅಳತೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ಮಾತು ಅದು.

ಚಿಕ್ಕಮ್ಮನ ಊಹೆಯ ಕೆಲಸವನ್ನು ಇವತ್ತು ಭಾಷಾ ಮಾದರಿ ಮಾಡುತ್ತದೆ. 2021ರ ಕೈಬರಹದ ಪ್ರಯೋಗದಲ್ಲಿ ಮಿದುಳಿನಿಂದ ನೇರವಾಗಿ ಬಂದ ನಿಖರತೆ ಶೇಕಡಾ 94.1. ಆಮೇಲೆ ತಿದ್ದುವ ಮಾದರಿಯನ್ನು ಓಡಿಸಿದಾಗ ಅದು 99 ದಾಟಿತು. ಸಂಶೋಧಕರು ಎರಡನ್ನೂ ಬೇರೆ ಬೇರೆಯಾಗಿ ಹೇಳಿದರು, ಅದು ಅವರ ದೊಡ್ಡತನ. ಸುದ್ದಿಯವರಿಗೆ ದೊಡ್ಡ ಅಂಕಿ ಮಾತ್ರ ಸಾಕಾಗುತ್ತದೆ. ಮಾದರಿ ತಿದ್ದುವುದು ಜನ ಸಾಮಾನ್ಯವಾಗಿ ಆಡುವ ಮಾತಿನ ಕಡೆಗೆ. ಆಸ್ಪತ್ರೆಗೆ ಬರುವೆ ಎನ್ನುವವರು ಹೆಚ್ಚು, ಬರಲಾರೆ ಎನ್ನುವವರು ಕಡಿಮೆ. ಯಾರೂ ಆಡದ ಮಾತನ್ನು ಒಬ್ಬ ಆಡಬೇಕೆಂದುಕೊಂಡ ದಿನ, ಎಲ್ಲರೂ ಆಡುವ ಮಾತನ್ನು ಅವನ ಬಾಯಿಗೆ ತುರುಕುವ ಯಂತ್ರವನ್ನು ನಿಖರ ಎಂದು ಹೇಗೆ ಕರೆಯುವುದು?

ಪುಣೆಯ ಗೆಳೆಯನೊಬ್ಬ ಇದಕ್ಕೆ ಉತ್ತರ ಕೊಟ್ಟ. ಕಾರಿನ ಮೈಲೇಜನ್ನೂ ಪರೀಕ್ಷಾ ರಸ್ತೆಯಲ್ಲೇ ಅಳೆಯುತ್ತಾರೆ, ಹೋಲಿಕೆಗೆ ಒಂದು ಸರಳ ಅಂಕಿ ಬೇಡವೇ, ವಿಜ್ಞಾನ ಲ್ಯಾಬಿನಿಂದಲೇ ತಾನೇ ಶುರುವಾಗುವುದು ಎಂದ. ಅವನ ಮಾತಿನಲ್ಲಿ ಹುರುಳಿದೆ. ಲ್ಯಾಬಿನ ಅಂಕಿ ಇಲ್ಲದಿದ್ದರೆ 2.3ರಿಂದ 90ಕ್ಕೆ ಬಂದದ್ದು ನಮಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಕಾರು ಕೊಳ್ಳುವವನು ಓಡಿಸಿ ನೋಡುತ್ತಾನೆ, ಮೈಲೇಜು ಬರದಿದ್ದರೆ ಶೋರೂಮಿಗೆ ಹೋಗಿ ಜಗಳ ಆಡುತ್ತಾನೆ, ಕೊನೆಗೆ ಮಾರುತ್ತಾನೆ. ತಲೆಯೊಳಗೆ ಎಲೆಕ್ಟ್ರೋಡ್ ಇಡಿಸಿಕೊಂಡವನಿಗೆ ಈ ಮೂರೂ ಇಲ್ಲ. ಜಗಳ ಆಡಲೂ ಅವನಿಗೆ ಅದೇ ಯಂತ್ರ ಬೇಕು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಇದೆ. ಇಲ್ಲಿ ನೋಟಕ್ಕಾಗಿ ಮಾಡಿದ ಅಂಕಿಯನ್ನು ಊಟವೆಂದು ಬಡಿಸಲಾಗುತ್ತಿದೆ.

ಹಾಗಾದರೆ ಏನನ್ನು ಅಳೆಯಬೇಕು? ನನ್ನ ಪಟ್ಟಿ ಉದ್ದವೇನಲ್ಲ. ಮೊದಲನೆಯದು, ಅಳಿಸಿ ತಿದ್ದಿದ ಹೊತ್ತನ್ನೂ ಸೇರಿಸಿ, ಬಳಸುವವನೇ "ಇದು ನನ್ನ ಮಾತು" ಎಂದು ಒಪ್ಪಿದ ವಾಕ್ಯ ಗಂಟೆಗೆ ಎಷ್ಟು. ಎರಡನೆಯದು, ಅವನು ಸುಮ್ಮನಿದ್ದಾಗ, ನಿದ್ದೆಯಲ್ಲಿದ್ದಾಗ, ಟಿವಿ ನೋಡುತ್ತಿದ್ದಾಗ ಯಂತ್ರ ತಾನಾಗಿಯೇ ಎಷ್ಟು ಸಲ ಬಾಯಿ ಹಾಕಿತು. ಮೂರನೆಯದು, ಸರಾಸರಿಯ ಪಕ್ಕದಲ್ಲಿ ಅತಿ ಕಡಿಮೆ ದಕ್ಕಿದವನ ಅಂಕಿ, ಬಿಟ್ಟುಹೋದವರ ಸಂಖ್ಯೆ. ನಾಲ್ಕನೆಯದು, ಮಿದುಳಿನಿಂದ ಬಂದದ್ದೆಷ್ಟು, ಭಾಷಾ ಮಾದರಿ ತುಂಬಿದ್ದೆಷ್ಟು. ಐದನೆಯದು, ಮನೆಯಲ್ಲಿ, ಎಂಜಿನಿಯರ್ ಪಕ್ಕದಲ್ಲಿಲ್ಲದ ದಿನ, ಮನೆಯವರೇ ಹಚ್ಚಿ ನಡೆಸಿದ್ದು ಎಷ್ಟು ತಿಂಗಳು. ಆರನೆಯದು ನಮ್ಮದು. ಕನ್ನಡದಲ್ಲಿ ಮಾಡುವವರು ಯೂನಿಕೋಡ್ ಸಂಕೇತವನ್ನು ಬಿಟ್ಟು ಅಕ್ಷರವನ್ನು ಎಣಿಸಲಿ. ಬೇಕು ಬೇಡವಾದ, ಇಲ್ಲ ಹೌದಾದ ತಪ್ಪುಗಳನ್ನು ಬೇರೆ ಸಾಲಿನಲ್ಲಿ ಬರೆಯಲಿ.

ಇವನ್ನೆಲ್ಲ ಹಾಕಿದರೆ ಅಂಕಿಗಳು ಇಳಿಯುತ್ತವೆ, ನಿಜ. ಪ್ರಬಂಧ ಒಪ್ಪಿತವಾಗುವುದು ಕಷ್ಟ, ಗೈಡ್ ಗೊಣಗಬಹುದು, ಹಣ ಹಾಕುವವರು ಇನ್ನೊಬ್ಬರ ಕಡೆ ತಿರುಗಬಹುದು. ಆದರೆ ಇಳಿದ ಆ ಅಂಕಿಯೇ ಸುಧಾರಣೆಗೆ ದಾರಿ ತೋರಿಸುತ್ತದೆ. ಬೇಕು–ಬೇಡ ಅದಲುಬದಲಾಗುತ್ತಿದೆ ಎಂದು ಕಂಡರೆ ಯಾರಾದರೂ ಕುಳಿತು ಪ್ರತಿ ವಾಕ್ಯಕ್ಕೂ ಒಪ್ಪಿಗೆಯ ಗುರುತನ್ನು ಸೇರಿಸುತ್ತಾರೆ. ಸುಮ್ಮನಿದ್ದಾಗ ಯಂತ್ರ ಮಾತಾಡುತ್ತಿದೆ ಎಂದು ಕಂಡರೆ ಅದಕ್ಕೆ ಸುಮ್ಮನಿರುವುದನ್ನು ಕಲಿಸುತ್ತಾರೆ. ಶೇಕಡಾ 98ರ ಮುಂದೆ ಕೂತವನಿಗೆ ಮಾಡಲು ಇನ್ನೇನೂ ಕೆಲಸ ಉಳಿದಿರುವುದಿಲ್ಲ.

ಈ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಒಪ್ಪಿಸಲಿರುವ ಗೆಳೆಯ ಗೆಳತಿಯರೇ, ನಿಮ್ಮ ಕೊನೆಯ ಪುಟದ ಕೋಷ್ಟಕಕ್ಕೆ ಇನ್ನೊಂದು ಸಾಲು ಸೇರಿಸಿ. "ಈ ಯಂತ್ರ ತಪ್ಪಿದಾಗ, ತಪ್ಪಿತು ಎಂದು ಹೇಳಲು ಬಳಸುವವನಿಗೆ ದಾರಿ ಇದೆಯೇ?" ಎಂದು. ಆ ಸಾಲಿನ ಮುಂದೆ "ಇಲ್ಲ" ಎಂದಿದ್ದರೆ, ಮೇಲಿನ ಸಾಲಿನ ಶೇಕಡಾವನ್ನು ಯಾರಿಗೂ ಓದಿ ಹೇಳಬೇಡಿ.